ಗೌಡ್ರ ಕಿವಿಯಲ್ಲಿ ಕುದುರೆಮುಖ

ಬೈನಾಕ್ಯುಲರಿನ ಹೊರಗೆ ಮಂಜು ಕೂತರೆ ಬೈರಾಸಿನ ತುದಿಯಲ್ಲಿ ಒರೆಸಬಹುದು. ಒಳಗೇ ಕೂತರೆ ಎಂತ ಮಾಡುವುದು? ಜೂನ್ ಮೊದಲ ವಾರ, ಕಳಸದ ಹತ್ತಿರದ ಒಂದು ಹೋಂಸ್ಟೇಯ ಜಗಲಿಯಲ್ಲಿ ನಿಂತು ಎರಡು ಗಾಜಿನ ನಡುವೆ ಕಟ್ಟಿದ ಹಾಲುಬಣ್ಣವನ್ನು ನೋಡುತ್ತಿದ್ದೆ. ಕಾಕರಣೆ ಹಕ್ಕಿಯ ಕೆಂಪು ಹೊಟ್ಟೆಯನ್ನು ಒಮ್ಮೆಯಾದರೂ ಸರಿಯಾಗಿ ನೋಡಬೇಕೆಂದು ಆ ತಿಂಗಳೇ ಕೊಂಡದ್ದು. "ವಾಟರ್‌ಪ್ರೂಫೇ ಸಾರ್" ಅಂದಿದ್ದ ಅಂಗಡಿಯವ. ಮಳೆಗಾಲದಲ್ಲಿ ಘಟ್ಟ ಹತ್ತುವವರು ಅವನ ಮಾತು ಬಿಟ್ಟು, ಒಳಗೆ ನೈಟ್ರೋಜನ್ ತುಂಬಿದೆಯೋ ಇಲ್ಲವೋ ಎಂದು ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ. ನನ್ನ ಹಣವಂತೂ ಹೋಯಿತು.

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳ, ಬಜಗೋಳಿವರೆಗಿನ ದಾರಿ ನಿಮಗೆಲ್ಲ ಗೊತ್ತಿರುವುದೇ. ಮಾಳ ದಾಟಿ ಎಸ್.ಕೆ. ಬಾರ್ಡರ್ ಮುಟ್ಟುವಾಗ ಭಾವ ಕಾರಿನ ಎ.ಸಿ. ಆರಿಸಿ ಗಾಜು ಇಳಿಸಿದ. ಸೌತ್ ಕೆನರಾ ಎಂಬ ಜಿಲ್ಲೆಯೇ ಈಗಿಲ್ಲ, ಅದರ ಗಡಿ ಮಾತ್ರ ಜನರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ಕುದುರೆಮುಖ ಕಾಡಿನ ಗೇಟಿನಲ್ಲಿ ಸಮಯ ಬರೆದು ಚೀಟಿ ಕೊಡುತ್ತಾರೆ, ನಡುವೆ ನಿಲ್ಲಿಸುವಂತಿಲ್ಲ. ಭಾವನಿಗೆ ಪ್ರತಿ ತಿರುವಿನಲ್ಲೂ ಫೋಟೋದ ಆಸೆ. ನಾನು ಚೀಟಿ ತೋರಿಸುತ್ತ ಕೂತೆ.

ಅಲ್ಲಿನ ಗುಡ್ಡಗಳ ಮೇಲೆ ಹುಲ್ಲು, ಗುಡ್ಡ ಮಡಿಚಿಕೊಂಡಲ್ಲಿ ಮಾತ್ರ ಕಾಡು. ಯಾರೋ ಮರ ಕಡಿದು ಹುಲ್ಲಾಯಿತು ಅಂದುಕೊಳ್ಳಬೇಡಿ, ಅದು ಇರುವುದೇ ಹಾಗೆ. ಶೋಲಾ ಎನ್ನುವುದು ಈ ಕಾಡನ್ನೇ. ಗಾಳಿಗೆ ಕುಗ್ಗಿದ ಗಿಡ್ಡ ಮರಗಳು, ಕೊಂಬೆ ಕೊಂಬೆಗೂ ಹಾವಸೆ, ಹಾವಸೆಯ ಮೇಲೆ ಸೀತಾಳೆ. 'ಮಳೆ ಬಿಟ್ಟರೂ ಮರದ ಹನಿ ಬಿಡದು' ಎಂದು ನಾವು ಇನ್ಯಾವುದಕ್ಕೋ ಹೇಳುತ್ತೇವೆ. ಇಲ್ಲಿ ಮಳೆ ಬಾರದೆಯೂ ಮರ ಹನಿಸುತ್ತದೆ. ಹಾದುಹೋಗುವ ಮೋಡವನ್ನು ಎಲೆ ತಡೆದು ಹಿಡಿದು, ತುದಿಯಿಂದ ಒಂದೊಂದೇ ಹನಿ ಬಿಡುತ್ತದೆ. ಕೆಳಗಿನ ನೆಲ ಅದನ್ನು ಕುಡಿದಿಟ್ಟುಕೊಂಡು ಬೇಸಿಗೆಗೂ ತೊರೆಗಳಿಗೆ ಹಂಚುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ತುಂಬೆ ಅಣೆಕಟ್ಟಿನ ನೇತ್ರಾವತಿ ನೀರು ಕುಡಿದು ಬೆಳೆದ ನಾನು ಒಂದು ಎಲೆಯ ಕೆಳಗೆ ಅಂಗೈ ಹಿಡಿದು ನಿಂತೆ. ಅಂಗೈ ತುಂಬುವಷ್ಟು ತಾಳ್ಮೆ ಇರಲಿಲ್ಲ, ಕಾಲಿಗೆ ಇಂಬಳ ಹತ್ತಿತ್ತು.

ಹೋಂಸ್ಟೇಯ ಯಜಮಾನರು ಗೌಡ್ರು, ಎಪ್ಪತ್ತರ ಆಸುಪಾಸು. ಬೆಳಿಗ್ಗೆ ಆರಕ್ಕೆ ಕಂಬಳಿಕೊಪ್ಪೆ ಹಾಕಿಕೊಂಡು, ಹೊಗೆಸೊಪ್ಪು ಸುಣ್ಣದ ಗಂಟು ಕಟ್ಟಿದ ಕೋಲು ಹಿಡಿದು ಬಂದರು. ನಮ್ಮ ಕಾಲಿಗೆಲ್ಲ ಆ ಗಂಟು ತಿಕ್ಕಿ, ನನ್ನ ಕುತ್ತಿಗೆಯ ಬೈನಾಕ್ಯುಲರ್ ಕಡೆ ಕೈ ತೋರಿಸಿದರು. "ಅದನ್ನ ಒಲೆ ಮೇಲಿನ ಅಟ್ಟದಲ್ಲಿಡಿ, ಒಣಗ್ಲಿ. ಇವತ್ತು ಹತ್ತು ಮಾರಿನಾಚೆ ಎಂತದೂ ಕಾಣಲ್ಲ."

ನಿಜಕ್ಕೂ ಕಾಣಲಿಲ್ಲ. ಮುಂದೆ ನಡೆಯುತ್ತಿದ್ದ ಭಾವನ ಕೊಡೆಯೇ ಆಗಾಗ ಮಾಯವಾಗುತ್ತಿತ್ತು. ಗೌಡ್ರು ಮಾತ್ರ ನಿಂತು ನಿಂತು ಹೇಳುತ್ತಿದ್ದರು. ಮುದುಕನೊಬ್ಬ ಕೆಮ್ಮಿ ಕೆಮ್ಮಿ ನಕ್ಕಂತೆ ಕೇಳಿದ್ದು ಮಂಗಟ್ಟೆ. ಹದ್ದು ಅಂತ ನಾನು ತಲೆಯೆತ್ತಿದ್ದು ಹದ್ದಲ್ಲ. "ಭೀಮರಾಜ ಅದು. ಹದ್ದಿನ ದನಿ ಕದ್ದು ಸಣ್ಣ ಹಕ್ಕಿಗಳನ್ನ ಹೆದರಿಸ್ತಿದೆ." ಕಣಿವೆಯ ಆಳದಿಂದ ಮೆಲ್ಲಗೆ, ಒಂದೇ ಅಳತೆಯಲ್ಲಿ ಕ್ಯೂ ಕ್ಯೂ ಎಂದಾಗ ನನ್ನ ತೋಳು ಹಿಡಿದರು. "ನಿಮ್ದು. ಕಾಕರಣೆ." ಬಿಳಿ ಗೋಡೆಯ ಹಿಂದೆ ಎಲ್ಲೋ ಆ ಕೆಂಪು ಹೊಟ್ಟೆ ಇತ್ತು. ಹೊಟ್ಟೆ ಉರಿದದ್ದು ನನ್ನದು.

ನಮ್ಮ ಜೊತೆ ಬಂದಿದ್ದ ಇನ್ನೊಬ್ಬ ಅತಿಥಿ, ಹುಡುಗ, ಮೊಬೈಲಿನಲ್ಲಿ ಸಿಳ್ಳಾರದ ದನಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯಲು ನೋಡಿದ. ಗೌಡ್ರಿಗೆ ಸಿಟ್ಟು ಬಂದದ್ದು ಅದೊಂದೇ ಸಲ. "ಆಫ್ ಮಾಡಿ ಮಾರಾಯ್ರೆ. ಅದಕ್ಕೀಗ ಗೂಡಿನ ಸಮಯ. ನಿಮ್ಮನೆ ಬಾಗ್ಲಲ್ಲಿ ಯಾರೋ ನಿಂತು 'ಇದು ನನ್ನನೆ' ಅಂತ ಕೂಗಿದ್ರೆ ನೀವು ಮಕ್ಕಳಿಗೆ ಊಟ ಹಾಕ್ತಾ ಕೂರ್ತೀರ?"

ಈ ಕಿವಿ ಎಲ್ಲಿ ಕಲಿತದ್ದು ಎಂದು ಕೇಳಿದ್ದು ರಾತ್ರಿ, ಒಲೆಯ ಮುಂದೆ. ಅಕ್ಕಿರೊಟ್ಟಿ, ಕಳಲೆ ಪಲ್ಯ, ಅಪ್ಪೆಮಿಡಿ. (ಹಿಂದಿನ ಸಲ ಬೇರೊಂದು ಕಡೆ, ಕಾಡಿನ ನಡುವೆ, ಗೋಬಿ ಮಂಚೂರಿ ಬಡಿಸಿದ್ದರು. ಅದಕ್ಕೆ ಮಂಗಳೂರಿನ ಹಂಪನಕಟ್ಟೆಯೇ ಸಾಕಿತ್ತು.) ಯಾವುದೋ ಪಕ್ಷಿತಜ್ಞರ ಹೆಸರು ಬರುತ್ತದೆ ಅಂದುಕೊಂಡಿದ್ದೆ.

"ಗಣಿಯಲ್ಲಿ" ಅಂದರು.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯ ವರ್ಕ್‌ಶಾಪಿನಲ್ಲಿ ಅವರು ಮೆಕ್ಯಾನಿಕ್. "ಮಳೆಗಾಲದಲ್ಲಿ ಡಂಪರ್ರೇ ಕಾಣ್ತಿರ್ಲಿಲ್ಲ ಸಾರ್, ಮನೆಯಷ್ಟು ದೊಡ್ಡ ಗಾಡಿ. ಮಂಜಿನೊಳಗೆ ಸದ್ದು ಮಾತ್ರ ಬರೋದು. ಯಾವ ನಂಬರಿಂದು, ಗೇರು ಕೊರೀತಿದೆಯೋ, ಬೇರಿಂಗ್ ಹೋಗಿದೆಯೋ, ಅದು ಶೆಡ್ಡಿಗೆ ಬರೋ ಮೊದ್ಲೇ ಹೇಳ್ತಿದ್ದೆ. ಅದೇ ಕಿವಿ. ಆಗ ಗಾಡಿ, ಈಗ ಹಕ್ಕಿ."

ನನಗೆ ಮಾತು ಬರಲಿಲ್ಲ. ಅಗೆದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಆ ಕೊಳವೆಯ ನಮ್ಮ ಕಡೆಯ ತುದಿಯಲ್ಲಿ ನನ್ನ ಚಿಕ್ಕಪ್ಪ ಇಡೀ ಆಯುಷ್ಯ ದುಡಿದರು. ಇಲ್ಲಿ ಗೌಡ್ರು ರಿಪೇರಿ ಮಾಡಿದ ಡಂಪರ್ ಹೊತ್ತ ಗುಡ್ಡ ಅಲ್ಲಿ ಚಿಕ್ಕಪ್ಪನ ಸಂಬಳವಾಗಿ, ನನ್ನ ಕಾಲೇಜು ಫೀಸಿಗೂ ಸ್ವಲ್ಪ ಬಂದಿತ್ತು. ಹೇಳಿದೆ. ಗೌಡ್ರು ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದರು.

ಸಿಂಗಳೀಕಗಳ ಬಗ್ಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಸಮೀಕ್ಷೆಯ ಬೆನ್ನಿಗೇ 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. "ಆಗ ಸಿಂಗಳೀಕ ಕಂಡ್ರೆ ಕಲ್ಲು ಹೊಡೀಬೇಕು ಅನ್ಸೋದು. ನನ್ನ ಅನ್ನ ಕಿತ್ಕೊಂಡ ಮಂಗ ಅಂತ."

"ಈಗ?"

"ಈಗ ಅದನ್ನ ತೋರಿಸಿಯೇ ಅನ್ನ." ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಗಣಿ ನಿಂತ ಮೊದ್ಲ ಮಳೆಗಾಲ ನಿದ್ದೆ ಬರ್ತಿರ್ಲಿಲ್ಲ, ಸದ್ದಿಲ್ಲ ಅಂತ. ಬೆಳಗಿನ ಜಾವ ಸಿಳ್ಳಾರ ಕೂಗೋದು. ಇಷ್ಟು ವರ್ಷ ಎಲ್ಲಿತ್ತಪ್ಪ ಇದು ಅಂತ ಹೆಂಡ್ತಿನ ಕೇಳ್ದೆ. ದಿನಾ ಕೂಗ್ತಿತ್ತು, ನೀವು ಡ್ಯೂಟಿಯಲ್ಲಿರ್ತಿದ್ರಿ ಅಂದ್ಳು."

ಮರುದಿನ ಐದೂವರೆಗೆ ನಾನೂ ಕೇಳಿದೆ. ಶಾಲೆ ತಪ್ಪಿಸಿಕೊಂಡ ಹುಡುಗ ಹಾಡೊಂದನ್ನು ಸಿಳ್ಳೆ ಹಾಕುತ್ತ, ಅರ್ಧದಲ್ಲಿ ರಾಗ ಮರೆತು, ಮತ್ತೆ ಬೇರೆಲ್ಲಿಂದಲೋ ಹಿಡಿದ ಹಾಗೆ. ಕದ ತೆರೆದರೆ ಬಚ್ಚಲಿನ ಪಕ್ಕದ ಸೌದೆ ರಾಶಿಯ ಮೇಲೆ ಕೂತಿದೆ, ಎಂಟು ಅಡಿಯಾಚೆ! ಮೊದಲು ಬರೀ ಕಪ್ಪು. ಬಲ್ಬಿನ ಬೆಳಕಿಗೆ ತಿರುಗಿದಾಗ ಹಣೆಯಲ್ಲೂ ಭುಜದಲ್ಲೂ ನೀಲಿ ಹತ್ತಿಕೊಂಡಿತು, ಗ್ಯಾಸ್ ಒಲೆಯ ಜ್ವಾಲೆಯ ನೀಲಿ. ಬಾಲವನ್ನು ಬೀಸಣಿಗೆಯಂತೆ ಒಮ್ಮೆ ಬಿಡಿಸಿ ಮುಚ್ಚಿತು. ಅಷ್ಟರಲ್ಲಿ ಭಾವ ಬಿಸಿನೀರಿಗೆಂದು ಬಾಲ್ದಿ ಸದ್ದು ಮಾಡುತ್ತ ಬಂದ.

ಇಳಿಯುವಾಗ ಬಜಗೋಳಿಯಲ್ಲಿ ಸಿಗ್ನಲ್ ಸಿಕ್ಕಿದ್ದೇ ಚಿಕ್ಕಪ್ಪನಿಗೆ ಫೋನ್ ಮಾಡಿ ಗೌಡ್ರ ವಿಷಯ ಹೇಳಿದೆ. ಹಕ್ಕಿಯ ಸುದ್ದಿ ಅವರಿಗೆ ಬೇಡ.

"ಗಣಿ ಟೌನ್‌ಶಿಪ್ಪಿನ ಕ್ವಾರ್ಟರ್ಸಿಗೆ ಇನ್ನೂ ಮಾಡು ಉಂಟಾ?" ಎಂದು ಕೇಳಿದರು.

"ಮಂಜಿತ್ತು ಚಿಕ್ಕಪ್ಪ. ಕಾಣಲಿಲ್ಲ."