ಮಷೀನು ಸಿಕ್ಕಿತು, ಕೂರುವವರು?

ಕಲಬುರಗಿಯಿಂದ ಚಿಕ್ಕಮ್ಮನ ಮಗ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಅಕ್ಕಾ, ಸೆಕೆಂಡ್ ಹ್ಯಾಂಡ್ ಜುಕಿ ಹೊಲಿಗಿ ಮಷೀನ್ ಮುಂಬೈದಾಗ ಎಷ್ಟಕ್ ಸಿಗ್ತಾವ?"

ನಾನು ಅಂಧೇರಿಯ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಮರ್ಚಂಡೈಸರ್. ವಿದೇಶದ ಬೈಯರ್‌ಗೂ ಇಲ್ಲಿನ ಫ್ಯಾಕ್ಟರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ. ನೆಂಟರ ಲೆಕ್ಕದಲ್ಲಿ ಮಾತ್ರ ಬಟ್ಟೆಗೆ ಸಂಬಂಧಪಟ್ಟದ್ದೆಲ್ಲ ನನಗೆ ಗೊತ್ತಿರಬೇಕು. ಸೀರೆಗೆ ಫಾಲ್ ಯಾರು ಚೆನ್ನಾಗಿ ಹಾಕ್ತಾರೆ ಅನ್ನೋದೂ ಸೇರಿ.

ಇವನ ತಲೆಯಲ್ಲಿ ಇದ್ದದ್ದು ಪಿಎಂ ಮಿತ್ರ ಪಾರ್ಕ್. 2023ರಲ್ಲಿ ಕೇಂದ್ರ ಸರ್ಕಾರ ದೇಶದ 7 ಕಡೆ ದೊಡ್ಡ ಜವಳಿ ಪಾರ್ಕ್ ಮಾಡುವುದಾಗಿ ಹೇಳಿತು. ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ. ಹೊನ್ನಕಿರಣಗಿ ಹತ್ತಿರ 1,000 ಎಕರೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲ ಒಂದೇ ಜಾಗದಲ್ಲಿ ಆಗಬೇಕು ಅನ್ನೋದು ಲೆಕ್ಕಾಚಾರ. "ದೊಡ್ಡವ್ರು ಬಂದ್ರ ಜಾಬ್ ವರ್ಕ್ ಸಿಗ್ತದ. ನಾ ಈಗೇ 20 ಮಷೀನ್ ಹಾಕಿ ಕುಂದರ್ತೀನಿ" ಅಂದ. ಅವನ ಅಜ್ಜ ಅದೇ ಊರಿನ ಎಂ.ಎಸ್.ಕೆ. ಮಿಲ್ಲಿನಲ್ಲಿ ದುಡಿದವರು. ನಿಜಾಮರ ಕಾಲದ ಆ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಬಡಾವಣೆಗೆ ಹೆಸರು ಮಾತ್ರ ಉಳಿದಿದೆ.

ಬಾ, ಮಷೀನು ಆಮೇಲೆ ನೋಡೋಣ, ಮೊದಲು ಒಂದು ದಿನ ನನ್ನ ಜೊತೆ ಸುತ್ತು ಅಂದೆ. ಒಂದು ಶನಿವಾರ ರಜೆ ಹಾಕಿ ದಾದರ್ ಸ್ಟೇಷನ್ನಿಗೆ ಹೋಗಿ ಕರೆದುಕೊಂಡೆ. ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಹಿಂದ್‌ಮಾತಾ ಕಡೆ ನಡೆದೆವು.

ಹಿಂದ್‌ಮಾತಾ ಅಂದರೆ ಸೀರೆ, ಡ್ರೆಸ್ ಪೀಸ್ ಅಂಗಡಿಗಳ ಸಾಲು. ಅಂಗಡಿಯವರು ಬೆಳಿಗ್ಗೆಯೇ ಬಂಡಲ್ ಬಿಚ್ಚುತ್ತಿದ್ದರು. ಅಲ್ಲೇ ಹತ್ತಿರದಲ್ಲಿ ಟಾಟಾ ಮಿಲ್ಸ್ ಇದೆ. ಅದು ರಾಷ್ಟ್ರೀಯ ಜವಳಿ ನಿಗಮದ್ದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂತ ನಿಗಮದ ಮಿಲ್ಲುಗಳೆಲ್ಲ ನಿಂತವು, ಆಮೇಲೆ ಇದು ಚಾಲೂ ಆಗಲಿಲ್ಲ. ಬಟ್ಟೆ ಮಾರುವ ಬೀದಿ ಗಿಜಿಗಿಜಿ, ಬಟ್ಟೆ ಮಾಡುವ ಮಿಲ್ಲಿನ ಗೇಟಿಗೆ ಬೀಗ.

"ಸ್ಟ್ರೈಕ್ ಮಾಡಿ ಹಾಳ್ ಮಾಡ್ಕೊಂಡ್ರಲ್ಲ ಈ ಮಿಲ್ಲಿನ ಕೆಲ್ಸದವ್ರು?" ಅಂದ. ಎಲ್ಲರೂ ಹೇಳುವ ಮಾತು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳ್ತನದಲ್ಲಿ ಮುಂಬೈ ಮಿಲ್ಲುಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ನಿಜ. ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ ಅನ್ನೋದೂ ನಿಜ. ಆದರೆ ಅದು ಅರ್ಧ ಕಥೆ. ಎಷ್ಟೋ ಮಿಲ್ಲುಗಳಲ್ಲಿ ಅಜ್ಜನ ಕಾಲದ ಯಂತ್ರ. ಕಡಿಮೆ ಕೂಲಿಯ ಪವರ್‌ಲೂಮುಗಳು ಮುಂಬೈ ಹತ್ತಿರದ ಭಿವಂಡಿಯಲ್ಲಿ ಎದ್ದು ನಿಂತಿದ್ದವು. ಮೇಲಾಗಿ ಜಾಗದ ಬೆಲೆ. 1991ರ ನಿಯಮ ಮಿಲ್ ಜಾಗ ಮಾರಲು ದಾರಿ ಮಾಡಿತು, ಆದರೆ ನಗರಕ್ಕೆ ಒಂದು ಪಾಲು, ಬಡವರ ಮನೆಗೆ ಒಂದು ಪಾಲು ಬಿಡಬೇಕಿತ್ತು. 2001ರ ತಿದ್ದುಪಡಿಯಲ್ಲಿ ಆ ಪಾಲು ಬರೀ ಖಾಲಿ ಜಾಗಕ್ಕೆ ಅಂತ ಆಯಿತು. ಕಟ್ಟಡ ನಿಂತಿದ್ದ ನೆಲವೆಲ್ಲ ಮಾಲೀಕರ ಕೈಗೆ. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬಟ್ಟೆಗಿಂತ ನೆಲಕ್ಕೆ ಜಾಸ್ತಿ ದುಡ್ಡು ಬರುವಾಗ ಯಾವ ಮಾಲೀಕ ಹೊಸ ಮಗ್ಗ ತರಿಸ್ತಾನೆ? ಪಾರ್ಕಿಗೆ 1,000 ಎಕರೆ ಅಂದಾಗ ಅದಕ್ಕೇ ನನಗೆ ಖುಷಿಗಿಂತ ಮೊದಲು ಅನುಮಾನ ಬಂದದ್ದು. ಜಾಗ ಕೊಡುವುದು ಸುಲಭ.

ಪರೇಲ್ ಕಡೆ ಹೋಗುವಾಗ ಒಂದು ಟವರ್ ಏಳುತ್ತಿತ್ತು. ಗೇಟಿನ ಹತ್ತಿರ ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು. ಅವರ ಮಾತು ಕಿವಿಗೆ ಬಿದ್ದದ್ದೇ ಇವನು ನಿಂತುಬಿಟ್ಟ. ನಮ್ಮ ಕಡೆಯ ಕನ್ನಡ.

"ಯಾವೂರವ್ವಾ?"

"ಅಫಜಲಪುರ ತಾಲೂಕ್ರೀ."

ಇವನಿಗೆ ಉತ್ಸಾಹ ತಡೆಯಲಿಲ್ಲ. ಕಲಬುರಗಿಯಲ್ಲಿ ಪಾರ್ಕ್ ಬರ್ತದೆ, ಹೊಲಿಗೆ ಕೆಲಸ ಇರ್ತದೆ, ನೆರಳಲ್ಲಿ ಕೂತು ಮಾಡೋ ಕೆಲಸ, ಬರ್ತೀಯಾ ಅಂತ ಕೇಳಿದ. ಆಕೆ ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟಳು.

"ಪಗಾರ ಯಾವಾಗ ಕೊಡ್ತೀರಿ?"

"ತಿಂಗಳಿಗೊಮ್ಮೆ."

"ಇಲ್ಲಿ ವಾರಕ್ಕ ಖರ್ಚಿಗಿ ಕೊಡ್ತಾರ್ರೀ. ನಾವು ಬರೋ ಮುಂಚೇನೇ ಕೂಲಿಯವ್ರನ್ನ ತರೋ ಮುಕಾದಮ ಮುಂಗಡ ಕೊಟ್ಟಾನ. ಊರಾಗ ಸಾಲ ತೀರ್ಸಿ ಬಂದೀವಿ. ತಿಂಗ್ಳ ತನಕ ಏನ್ ತಿನ್ನೂದು?"

ಇವನು ಪಿಎಫ್ ಇರ್ತದೆ ಅಂದ. ಆಕೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಪಕ್ಕದಲ್ಲಿ ಮರಳಿನ ಗುಡ್ಡೆ ಮೇಲೆ ಬಿಸ್ಕತ್ತು ತಿನ್ನುತ್ತಿದ್ದ ಮಗುವನ್ನು ತೋರಿಸಿದಳು. "ನಾವು ಗಂಡ ಹೆಂಡ್ತಿ ಜೋಡಿ ಕೆಲ್ಸಕ್ಕ ಬಂದೀವಿ. ಇದನ್ನ ಕಣ್ ಮುಂದ ಇಟ್ಕೊಂಡು ದುಡೀತೀವಿ. ನಿಮ್ಮ ಫ್ಯಾಕ್ಟರ್ಯಾಗ ಅವ್ರಿಗೂ ಕೆಲ್ಸ ಅದೇನು? ಕೂಸಿಗಿ ಒಳಗ ಬಿಡ್ತೀರೇನು?"

ಅವನ ಹತ್ತಿರ ಉತ್ತರ ಇರಲಿಲ್ಲ. ಯೋಜನೆಯ ಕಾಗದ ಬರೆಯುವವರ ಹತ್ತಿರವೂ ಇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಬಸ್ಸಿನಲ್ಲಿ ಕೂತು ಬೆಂಗಳೂರಿನ ಮಾತು ಹೇಳಿದೆ. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಇಳಿದದ್ದು ನೆನಪಿದೆಯಾ? ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಹೊಸ ನಿಯಮ ತಂದಿತ್ತು. ಯಾವ ದೊಡ್ಡ ಲೀಡರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಕೆಲಸ ಬಿಟ್ಟು, ಪಿಎಫ್ ತೆಗೆದು, ಸಾಲವೋ ಸ್ಕೂಲ್ ಫೀಸೋ ಕಟ್ಟಿ, ಮತ್ತೆ ಇನ್ನೊಂದು ಫ್ಯಾಕ್ಟರಿ ಸೇರುವುದು ಅಲ್ಲಿ ಎಷ್ಟೋ ಜನರ ರೂಢಿ. 58ರ ತನಕ ಯಾರು ಹೊಲೀತಾರೆ? ಅಷ್ಟು ಹೊತ್ತಿಗೆ ಕಣ್ಣು, ಸೊಂಟ ಎರಡೂ ಹೋಗಿರುತ್ತವೆ.

ಧಾರಾವಿಯಲ್ಲಿ ನನಗೆ ಗೊತ್ತಿರುವ ಒಂದು ಹೊಲಿಗೆ ಯೂನಿಟ್ ಇದೆ. ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಒಳಗೆ ಸಾಲಾಗಿ ಮಷೀನು, ಬಹುಪಾಲು ಬಿಹಾರದ ಹುಡುಗರು, ಪೀಸ್ ರೇಟ್ ಲೆಕ್ಕ. ಇವನನ್ನು ಕಾಲರ್ ಹೊಲಿಯುವವನ ಪಕ್ಕ ನಿಲ್ಲಿಸಿದೆ. ಫ್ಯೂಸಿಂಗ್, ಅಂದರೆ ಕಾಲರ್ ಗಟ್ಟಿ ನಿಲ್ಲಿಸುವ ಒಳಪದರ, ಅಂಟಿಸಿದ ಎರಡು ತುಂಡು ಸೇರಿಸಿ ಸುತ್ತ ಒಂದು ಹೊಲಿಗೆ. ಮೂಲೆಯ ಹೆಚ್ಚುವರಿ ಬಟ್ಟೆ ಕತ್ತರಿಸಿ, ಒಳಗಿನದನ್ನು ಹೊರಗೆ ತಿರುಗಿಸಿ, ತುದಿಯನ್ನು ಮೊಳೆಯಂಥ ಕಡ್ಡಿಯಿಂದ ತಳ್ಳಿ ಚೂಪು ಮಾಡಿದ. ಎರಡು ತುದಿ ಒಂದರ ಮೇಲೊಂದು ಇಟ್ಟು ನೋಡಿದ. ಕೂದಲೆಳೆ ವ್ಯತ್ಯಾಸ. ತಕ್ಷಣ ಬಿಚ್ಚಿದ. ಕಲಿಸಿದರೆ ನಮ್ಮ ಹುಡುಗಿಯರೂ ಮಾಡ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಂಥ ಕೈ ಬರುವುದಕ್ಕೆ ತಿಂಗಳುಗಟ್ಟಲೆ ಬೇಕು. ಬಂದ ಮೇಲೆ ಅವರು ನಿಲ್ಲಬೇಕು.

ಅವತ್ತು ಅಲ್ಲಿ ಎಲ್ಲರಿಗೂ ತಲೆಬಿಸಿ. ಇಲ್ಲಿನದೇ ಒಂದು ಬ್ರಾಂಡಿನ ಶರ್ಟು ಹೊಲಿದು ರಾಶಿ ಹಾಕಿದ್ದರು, ವಾಷ್ ಕೇರ್ ಲೇಬಲ್ ತಪ್ಪು. ಬಟ್ಟೆ ಪಾಲಿಯೆಸ್ಟರ್ ಮಿಶ್ರ, ಲೇಬಲ್ ಮೇಲೆ ಪೂರ್ತಿ ಕಾಟನ್ ಅಂತ ಪ್ರಿಂಟ್. ಬೆರಳಗಲದ ರಿಬ್ಬನ್, ಬೆಲೆ ಪೈಸೆಗಳಲ್ಲಿ. ಅದಿಲ್ಲದೆ ಒಂದು ಪೀಸೂ ಹೊರಗೆ ಹೋಗುವಂತಿಲ್ಲ. ಯೂನಿಟ್ ಮಾಲೀಕ ಫೋನಿನಲ್ಲಿ ಕೂಗಾಡಿದ, ಒಬ್ಬ ಹುಡುಗನನ್ನು ಲೋಕಲ್ ಹತ್ತಿಸಿ ಕಳಿಸಿದ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಹೊಸ ಲೇಬಲ್ ಬಂದಿತ್ತು.

"ಇದು ನಮ್ಮೂರಾಗ ಆಗಿದ್ರ?" ಅಂತ ಅವನೇ ಕೇಳಿದ.

ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಇಷ್ಟು ಬಾಡಿಗೆ ಕೊಟ್ಟೂ ಮುಂಬೈನಲ್ಲಿ ಹೊಲಿಗೆ ಉಳಿದಿರುವುದು ಲೇಬಲ್, ಗುಂಡಿ, ಜಿಪ್, ಮೆಕ್ಯಾನಿಕ್ ಎಲ್ಲ ಒಂದು ಲೋಕಲ್ ಟಿಕೆಟ್ಟಿನ ದೂರದಲ್ಲಿ ಇರುವುದರಿಂದ. ನನ್ನ ಬೈಯರ್‌ಗಳು ರೂಪಾಯಿಗೆ ಚೌಕಾಸಿ ಮಾಡ್ತಾರೆ ನಿಜ, ಆದರೆ ಆರ್ಡರ್ ಕೊಡುವುದು ಎಷ್ಟು ದಿನಕ್ಕೆ ಮಾಲು ತಲುಪಿಸ್ತೀವಿ ಅಂತ ನೋಡಿ. ತಡವಾದರೆ ನಮ್ಮ ಖರ್ಚಿನಲ್ಲೇ ವಿಮಾನಕ್ಕೆ ಹಾಕಬೇಕು. ಆಗ ಲಾಭ ಅಲ್ಲ, ಬಟ್ಟೆಯ ದುಡ್ಡೂ ಹೋಗುತ್ತದೆ.

ಬಾಂಗ್ಲಾದೇಶ ನೋಡು ಅಂದೆ. ಹತ್ತಿ ಬಹುತೇಕ ಹೊರಗಿನಿಂದಲೇ ತರಿಸ್ತಾರೆ. ಹೊಲದ ತುಂಬ ಹತ್ತಿ ಇರುವ ನಾವು ರೆಡಿಮೇಡ್ ಬಟ್ಟೆ ರಫ್ತಿನಲ್ಲಿ ಅವರ ಅರ್ಧವೂ ಇಲ್ಲ. 1979ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಕೊರಿಯಾದ ಡೇವೂ ಜೊತೆಗಿನ ಒಪ್ಪಂದದ ಮೇಲೆ 130 ಜನರನ್ನು ಬೂಸಾನ್‌ಗೆ ಕಲಿಯಲು ಕಳಿಸಿತು. ಕಲಿತು ಬಂದವರಲ್ಲಿ ಬಹುಪಾಲು ಜನ ಆಮೇಲೆ ಬೇರೆ ಬೇರೆ ಕಂಪನಿ ಸೇರಿದರು, ಕೆಲವರು ತಾವೇ ಶುರು ಮಾಡಿದರು. ಜೊತೆಗೆ ಬೈಯರ್‌ನ ಎಲ್‌ಸಿ, ಅಂದರೆ ದುಡ್ಡು ಕೊಡ್ತೀವಿ ಅಂತ ಅವನ ಬ್ಯಾಂಕು ಕೊಡುವ ಭರವಸೆ ಪತ್ರ, ತೋರಿಸಿದರೆ ಅದರ ಮೇಲೆ ಬಟ್ಟೆಯನ್ನು ಸಾಲಕ್ಕೆ ತರಿಸುವ ವ್ಯವಸ್ಥೆ ಬಂತು. ರಫ್ತಿಗೆ ಅಂತ ತರಿಸಿದ ಬಟ್ಟೆಗೆ ಸುಂಕವೂ ಇಲ್ಲ. ಕೈಯಲ್ಲಿ ದುಡ್ಡಿಲ್ಲದವನೂ ಫ್ಯಾಕ್ಟರಿ ಹಾಕಬಹುದಿತ್ತು. ನಮ್ಮಲ್ಲಿ ಪಾಲಿಯೆಸ್ಟರ್ ನಾರಿಗೆ 18 ಪರ್ಸೆಂಟ್ ಜಿಎಸ್‌ಟಿ, ನೂಲಿಗೆ 12, ಬಟ್ಟೆಗೆ 5 ಅಂತ ಇದ್ದು, ಮೂರನ್ನೂ 5ಕ್ಕೆ ತಂದದ್ದೇ 2025ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯ ತನಕ ಕಚ್ಚಾ ಮಾಲಿಗೆ ಹೆಚ್ಚಿಗೆ ಕಟ್ಟಿದ ತೆರಿಗೆ ವಾಪಸ್ ಬರಲಿ ಅಂತ ಎಷ್ಟೋ ಜನರ ದುಡ್ಡು ರೀಫಂಡ್ ಕಾಯುತ್ತ ಕೂತಿರುತ್ತಿತ್ತು.

ಹಾಗಂತ ಢಾಕಾವನ್ನು ಹೊಗಳುವುದಕ್ಕೂ ಬಾಯಿ ಬರುವುದಿಲ್ಲ. 2013ರ ಏಪ್ರಿಲ್ 24ರಂದು ಗಾರ್ಮೆಂಟ್ ಫ್ಯಾಕ್ಟರಿಗಳಿದ್ದ ರಾನಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದರೂ ಕೆಲಸದವರನ್ನು ಒಳಗೆ ಕಳಿಸಿದರು. ದಿನದ ಲೆಕ್ಕ ತಲೆಗೆ ಹತ್ತಿದರೆ ಅಲ್ಲಿಗೂ ಹೋಗಿ ಮುಟ್ಟುತ್ತದೆ. ಅದಾದ ಮೇಲೆ ನಮ್ಮ ಬೈಯರ್‌ಗಳೂ ಬೆಂಕಿ ಬಾಗಿಲು, ಮೆಟ್ಟಿಲು ಎಲ್ಲ ಅಳೆಯಲು ಶುರು ಮಾಡಿದರು. ಒಳ್ಳೆಯದೇ. ಅದಕ್ಕೆ ತಗಲುವ ದುಡ್ಡನ್ನು ಮಾತ್ರ ರೇಟಿಗೆ ಸೇರಿಸುವುದಿಲ್ಲ.

ಸಂಜೆ ಹಳೆ ಮಷೀನ್ ಮಾರುವವನ ಗೋಡೌನಿಗೆ ಹೋದೆವು. ಬೇಕಾದಷ್ಟು ಜುಕಿ ಇದ್ದವು. ಇವನು ಒಂದಕ್ಕೆ ಕೂತು ಪೆಡಲ್ ಒತ್ತಿ ನೋಡಿದ, ಚೆನ್ನಾಗಿ ಓಡಿತು. ಬೆಲೆಯೂ ಪರವಾಗಿಲ್ಲ. ಆದರೆ ಬೆಳಿಗ್ಗೆ ಇದ್ದ ಆತುರ ಇರಲಿಲ್ಲ. ಗುಂಡಿಯ ತೂತು ಹೊಲಿಯುವ ಕಾಜಾ ಮಷೀನ್ ಕೆಟ್ಟರೆ ಕಲಬುರಗಿಗೆ ಬಂದು ರಿಪೇರಿ ಮಾಡೋರು ಯಾರಿದ್ದಾರೆ ಅಂತ ಕೇಳಿದ. ಸೊಲ್ಲಾಪುರದಲ್ಲಿ ಬೇಕಾದಷ್ಟು ಜನ ಸಿಗ್ತಾರೆ ಅಂದ ಅಂಗಡಿಯವನು.

ನನಗೆ ಅದು ಮೊದಲೇ ಹೊಳೆಯಬೇಕಿತ್ತು ಅಂತೇನಿಲ್ಲ, ಆದರೆ ಕೇಳಿದ ಕೂಡಲೇ ಸರಿ ಅನ್ನಿಸಿತು. ಸೊಲ್ಲಾಪುರ ಬರೀ ಚಾದರ್, ಟವೆಲ್ಲಿನ ಊರಲ್ಲ. ಸ್ಕೂಲ್ ಯೂನಿಫಾರ್ಮ್ ಹೊಲಿಯುವ ದೊಡ್ಡ ಕೇಂದ್ರ. ಕಲಬುರಗಿಗೆ ರೈಲಿನಲ್ಲಿ ಎರಡು ತಾಸಿನ ಆಚೀಚೆ. ಪಾರ್ಕು ಬರುವಾಗ ಬರಲಿ. ಅಲ್ಲಿಂದ ಕಟಿಂಗ್ ಆದ ಬಂಡಲ್ ತಂದು ಹೊಲಿದು ಕೊಡಬಹುದು. ಗುಂಡಿ ಕಡಿಮೆ ಬಿದ್ದರೆ ಮಧ್ಯಾಹ್ನದೊಳಗೆ ತರಬಹುದು. ವಿದೇಶದ ಬೈಯರ್‌ಗಿಂತ ಜೂನ್‌ನಲ್ಲಿ ಶಾಲೆ ಶುರುವಾಗುವುದು ಗ್ಯಾರಂಟಿ.

ಇವನು 20 ಮಷೀನ್ ಬಿಟ್ಟು ಆರಕ್ಕೆ ಅಡ್ವಾನ್ಸ್ ಕೊಟ್ಟ. ವಾಪಸ್ ಹೋಗುವಾಗ ಸೊಲ್ಲಾಪುರದಲ್ಲಿ ಇಳಿದು ಒಂದಿಬ್ಬರು ಯೂನಿಫಾರ್ಮಿನವರನ್ನು ನೋಡಿಕೊಂಡು ಹೋದ.

ಮೊನ್ನೆ ಫೋನ್ ಮಾಡಿದ್ದ. ಜಾಗ ಸಿಕ್ಕಿದೆ, ಪಕ್ಕದ ಅಂಗನವಾಡಿಯವರ ಹತ್ತಿರ ಮಾತಾಡಿದ್ದಾನೆ. ಈಗ ಅವನ ತಲೆಬಿಸಿ ಬೇರೆ. "ಅಕ್ಕಾ, ವಾರಕ್ಕೊಮ್ಮೆ ಬಟವಾಡೆ ಮಾಡಿದ್ರ ಪಿಎಫ್ ಲೆಕ್ಕ ಹೆಂಗ ಬರಿಯೂದು?" ನಮ್ಮ ಆಫೀಸಿನ ಅಕೌಂಟೆಂಟ್‌ಗೆ ಕೇಳಿದ್ದೇನೆ. ಸೋಮವಾರ ಹೇಳ್ತೀನಿ ಅಂದಿದ್ದಾರೆ.