ಬೆಟ್ಟಗಳೆಲ್ಲ 255 ಮೀಟರಿಗೆ ನಿಂತಾಗ

ನೆಲದ ಎತ್ತರದ ಒಂದಷ್ಟು ರಾಸ್ಟರ್ ಕಡತಗಳನ್ನು (ಪ್ರತಿ ಕೋಶಕ್ಕೂ ಒಂದು ಸಂಖ್ಯೆಯಿರುವ ನಕ್ಷೆಗಳನ್ನು) ಇಮ್ಯಾಜಿನ್ ಎಂಬ ಕಡತ ಸ್ವರೂಪದಿಂದ ಜಿಯೋಟಿಫ್ ಎಂಬ ಇನ್ನೊಂದು ಸ್ವರೂಪಕ್ಕೆ ಬದಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿಂದಿನ ವಾರ ಭೂಬಳಕೆ ನಕ್ಷೆಗಳಿಗೆಂದು ಬರೆದಿದ್ದ ಜಿಡಾಲ್ (ಇಂಥ ಕಡತಗಳನ್ನು ಪರಿವರ್ತಿಸುವ ತಂತ್ರಾಂಶ) ಸ್ಕ್ರಿಪ್ಟನ್ನೇ ಎತ್ತಿಕೊಂಡು, ಫೋಲ್ಡರಿನ ಹೆಸರನ್ನಷ್ಟೇ ತಿದ್ದಿ ಸಂಜೆ ಓಡಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ಪ್ರತಿ ಕಡತವೂ ನೂರು ಮುಟ್ಟಿ 'ಡನ್' ಎಂದಿತ್ತು.

ಮಧ್ಯಾಹ್ನ ಇಳಿಜಾರು ಲೆಕ್ಕ ಹಾಕುತ್ತಿದ್ದ ಸಹೋದ್ಯೋಗಿ ಕರೆದು ಪರದೆ ತೋರಿಸಿದರು. ಬೆಟ್ಟಸಾಲು ಇರಬೇಕಾದಲ್ಲಿ ಇಳಿಜಾರು ಸೊನ್ನೆ. ಶಿಖರದ ಮೇಲೆ ಒತ್ತಿದರೆ 255, ಪಕ್ಕದ ಕಣಿವೆಯಲ್ಲಿ ಒತ್ತಿದರೂ 255.

ಆ ಸಂಖ್ಯೆ ಕಂಡೊಡನೆ ತಪ್ಪು ಹೊಳೆಯಿತು. ಸ್ಕ್ರಿಪ್ಟಿನಲ್ಲಿ, ಹೊಸ ಕಡತದ ಸಂಖ್ಯೆಗಳನ್ನು ಬೈಟ್ ಎಂಬ ಬಗೆಯಲ್ಲಿ ಬರೆಯುವ 'ಒಟಿ ಬೈಟ್' ಆಯ್ಕೆ ಹಾಗೇ ಉಳಿದಿತ್ತು. ಬೈಟ್‌ನಲ್ಲಿ ಹಿಡಿಸುವುದು 0ಯಿಂದ 255ರವರೆಗಿನ ಪೂರ್ಣಾಂಕಗಳು ಮಾತ್ರ. ಹತ್ತಾರು ಭೂಬಳಕೆ ವರ್ಗಗಳಿಗೆ ಅಷ್ಟು ಧಾರಾಳವಾಗಿ ಸಾಕು. ಎತ್ತರಕ್ಕೆ ಸಾಲದು. ಮಿತಿ ಮೀರಿದ ಬೆಲೆಯನ್ನು ಜಿಡಾಲ್‌ನ ಪರಿವರ್ತನೆಯ ಆಜ್ಞೆಯಾದ ಟ್ರಾನ್ಸ್‌ಲೇಟ್ ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಅಂಚಿಗೆ ತಂದು ನಿಲ್ಲಿಸುತ್ತದೆ. 812 ಮೀಟರ್ ಕೂಡ 255, 1,640 ಕೂಡ 255. ದಶಾಂಶಗಳೂ ಹೋದವು.

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳದಂತಿತ್ತು. ಮಾಹಿತಿ ಇಲ್ಲದ ಕೋಶಗಳಿಗೆ ಮೂಲದಲ್ಲಿ -9999 ಎಂಬ ಗುರುತಿತ್ತು. ಬೈಟ್‌ನಲ್ಲಿ ಋಣಸಂಖ್ಯೆಗೆ ಜಾಗವಿಲ್ಲವಾದ್ದರಿಂದ ಆ ಗುರುತು 0 ಆಯಿತು. ಸಮುದ್ರಮಟ್ಟದಲ್ಲಿದ್ದ ನಿಜವಾದ ನೆಲದ ಎತ್ತರವೂ 0 ಆದ್ದರಿಂದ ಅದೂ ಮಾಹಿತಿ ಇಲ್ಲದ ಜಾಗವೆನಿಸಿ ನಕ್ಷೆಯಿಂದ ಮಾಯವಾಯಿತು. ಇದರ ಬಗ್ಗೆ ಲಾಗ್‌ನಲ್ಲಿ ಎಚ್ಚರಿಕೆಯ ಸಾಲೊಂದು ಬಂದಿತ್ತು. ನಾನು ಕೊನೆಯ ಸಾಲನ್ನಷ್ಟೇ ಓದಿದ್ದೆ.

ಮೂಲ ಕಡತಗಳನ್ನು ಅಳಿಸಿರಲಿಲ್ಲ, ಅದೊಂದೇ ಸಮಾಧಾನ. ಆ ಆಯ್ಕೆಯನ್ನು ತೆಗೆದು, ನಷ್ಟವಿಲ್ಲದ ಡಿಫ್ಲೇಟ್ ಸಂಕುಚನ ಇಟ್ಟು ಮತ್ತೆ ಓಡಿಸಿದೆ. ದೊಡ್ಡ ಕಡತಗಳಿಗೆ ಬಿಗ್‌ಟಿಫ್ ಆಯ್ಕೆಯನ್ನೂ ಸೇರಿಸಿದೆ: ಸಾಮಾನ್ಯ ಟಿಫ್ 4 ಜಿಬಿ ದಾಟಲಾರದು, ಸಂಕುಚಿಸಿದ ಮೇಲೆ ಗಾತ್ರ ಎಷ್ಟಾಗುತ್ತದೆಂದು ಮೊದಲೇ ಹೇಳಲೂ ಆಗದು.

ಈಗ ಪರಿವರ್ತನೆಗೆ ಮೊದಲೂ ಆಮೇಲೂ ಕಡತದ ವಿವರ ತೋರಿಸುವ ಜಿಡಾಲ್‌ಇನ್ಫೋ ಓಡಿಸಿ ದತ್ತಾಂಶದ ಬಗೆ, ನೋಡೇಟಾ (ಮಾಹಿತಿ ಇಲ್ಲದ ಕೋಶದ ಗುರುತು), ನಕ್ಷೆಯ ಪ್ರಕ್ಷೇಪ, ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಇದಕ್ಕೆ 'ಎಂಎಂ' ಆಯ್ಕೆಯನ್ನೇ ಬಳಸುತ್ತೇನೆ, ಏಕೆಂದರೆ ಅದು ಕೋಶಗಳನ್ನು ಓದಿ ಹೊಸದಾಗಿ ಲೆಕ್ಕ ಹಾಕುತ್ತದೆ. ಕಡತದೊಳಗೆ ಉಳಿದಿರುವ ಅಂಕಿಅಂಶಗಳು ಹಳೆಯ ಕಡತದಿಂದ ನಕಲಾಗಿ ಬಂದವೂ ಆಗಿರಬಹುದು. ಎರಡನೇ ಸಲ ಗರಿಷ್ಠ ಬೆಲೆ ಮೂಲದ್ದರೊಂದಿಗೆ ದಶಾಂಶದವರೆಗೂ ಹೊಂದಿದ ಮೇಲೆಯೇ ಕಡತಗಳನ್ನು ಸಹೋದ್ಯೋಗಿಗೆ ಒಪ್ಪಿಸಿದೆ.