ಚೀನಾದಲ್ಲಿ ಆರ್ಕಿಟೆಕ್ಚರ್ ಇಂಟರ್ನ್‌ಶಿಪ್: ಹೊರಡುವವರಿಗೆ ಬೇಕಾದ ವಿವರಗಳು

ಚೀನಾದ ಆರ್ಕಿಟೆಕ್ಟ್ ಆಫೀಸುಗಳಲ್ಲಿ ಇಂಟರ್ನ್‌ಗಳಿಗೆ ಕೈತುಂಬ ಸಿಗುವುದು ಕಾನ್ಸೆಪ್ಟ್ ಮತ್ತು ಸ್ಕೀಮ್ ಹಂತದ ಕೆಲಸ, ಅಂದರೆ ವಿನ್ಯಾಸದ ಕಲ್ಪನೆ ರೂಪುಗೊಳ್ಳುವ ಮೊದಲ ಹಂತಗಳು. ಪರವಾನಗಿಗೆ ಹೋಗುವ ನಕ್ಷೆಗಳಿಗೆ ಅರ್ಹತಾಪತ್ರ ಇರುವ ಡಿಸೈನ್ ಇನ್‌ಸ್ಟಿಟ್ಯೂಟಿನ (ಇದು ಕಾಲೇಜಲ್ಲ, ವಿನ್ಯಾಸ ಸಂಸ್ಥೆ) ಮೊಹರು ಬೇಕು. ಹಾಗಾಗಿ ಅನೇಕ ಚಿಕ್ಕ ಸ್ಟುಡಿಯೊಗಳೂ ವಿದೇಶಿ ಕಂಪನಿಗಳೂ ವಿನ್ಯಾಸವನ್ನು ರೂಪಿಸಿ, ವರ್ಕಿಂಗ್ ಡ್ರಾಯಿಂಗನ್ನು (ಕಟ್ಟಲು ಬೇಕಾದ ವಿವರವಾದ ನಕ್ಷೆಗಳನ್ನು) ಅಂಥ ಇನ್‌ಸ್ಟಿಟ್ಯೂಟಿಗೆ ಒಪ್ಪಿಸಿಬಿಡುತ್ತವೆ. ಸೈಟಿಗೆ ಹೋಗಬೇಕು, ಕಬ್ಬಿಣದ ಸರಳು ಬಗ್ಗಿಸುವುದನ್ನು ನೋಡಬೇಕು, ಕಂಟ್ರಾಕ್ಟರ್ ಬಿಲ್ ಅರ್ಥಮಾಡಿಕೊಳ್ಳಬೇಕು ಎನ್ನುವವರಿಗೆ ಬೆಂಗಳೂರು, ಮೈಸೂರಿನ ಆಫೀಸೇ ವಾಸಿ. ದೊಡ್ಡ ಅಳತೆಯ ಯೋಜನೆಗಳು ಎಷ್ಟು ವೇಗವಾಗಿ ಆಕಾರ ಪಡೆಯುತ್ತವೆ ಎಂಬುದನ್ನು ಕಲಿಯಲು ಚೀನಾಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಆಫೀಸುಗಳಿಗೆ ಬರವಿಲ್ಲ. ಬೀಜಿಂಗ್‌ನಲ್ಲಿ ಮ್ಯಾಡ್, ಓಪನ್, ಶಾಂಘೈನಲ್ಲಿ ನೇರಿ ಆಂಡ್ ಹು, ಶೆನ್‌ಜೆನ್‌ನಲ್ಲಿ ಅರ್ಬನಸ್ ಇವೆ. 2012ರ ಪ್ರಿಟ್ಜ್ಕರ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ವಾಂಗ್ ಶು ಅವರ ಸ್ಟುಡಿಯೊ ಹಾಂಗ್‌ಝೌನಲ್ಲಿದೆ, 2025ರಲ್ಲಿ ಅದೇ ಪ್ರಶಸ್ತಿ ಪಡೆದ ಲಿಯು ಜಿಯಾಕುನ್ ಅವರದು ಚೆಂಗ್ಡುವಿನಲ್ಲಿ. ಬೀಜಿಂಗ್, ಶಾಂಘೈನ ದೊಡ್ಡ ಆಫೀಸುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಒಳನಾಡಿನ ಚಿಕ್ಕ ಸ್ಟುಡಿಯೊಗಳಿಗೆ ಮ್ಯಾಂಡರಿನ್ ಇಲ್ಲದೆ ಹೋದರೆ ಚರ್ಚೆಯಲ್ಲಿ ಸುಮ್ಮನೆ ಕೂರಬೇಕಾಗುತ್ತದೆ.

ಅರ್ಜಿ ಕಳಿಸುವಾಗ ನಮ್ಮವರು ಎಡವುವ ಜಾಗ ಗೂಗಲ್ ಡ್ರೈವ್ ಲಿಂಕ್. ಚೀನಾದಲ್ಲಿ ಗೂಗಲ್ ತೆರೆಯುವುದಿಲ್ಲ, ಪೋರ್ಟ್‌ಫೋಲಿಯೊ ನೋಡದೆಯೇ ಮೇಲ್ ಮೂಲೆಗೆ ಸೇರುತ್ತದೆ. 10 ಎಂಬಿಗಿಂತ ಚಿಕ್ಕ ಪಿಡಿಎಫ್ ಮಾಡಿ ಮೇಲ್‌ಗೇ ಲಗತ್ತಿಸಿ. ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು, ಕಾಲೇಜು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದಿರಲಿ. ಕಾಗದಪತ್ರಕ್ಕೆ ಸಮಯ ಹಿಡಿಯುವುದರಿಂದ ಆರು ತಿಂಗಳು ಮೊದಲೇ ಶುರುಮಾಡಿ. ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುತ್ತದೆ, ಆಗ ಒಂದು ವಾರಕ್ಕೂ ಹೆಚ್ಚು ಆಫೀಸು ಮುಚ್ಚಿರುತ್ತದೆ. ಅಕ್ಟೋಬರ್ 1ರ ವಾರದ್ದೂ ಅದೇ ಕಥೆ. ಆ ದಿನಗಳಲ್ಲಿ ಮೇಲ್ ಕಳಿಸಬೇಡಿ. ತರಬೇತಿಯ ವಾರಗಳನ್ನು ಎಣಿಸುವಾಗಲೂ ಆ ರಜೆಗಳನ್ನು ಕಳೆದೇ ಎಣಿಸಿ, ಇಲ್ಲವಾದರೆ ಕಾಲೇಜು ಕೇಳುವ ವಾರಗಳಿಗೆ ಕೊರತೆ ಬೀಳುತ್ತದೆ.

ಆಫರ್ ಬಂದ ಕೂಡಲೇ ಟಿಕೆಟ್ ತೆಗೆಯಬೇಡಿ, ಎಲ್ಲಕ್ಕಿಂತ ಮುಖ್ಯ ವೀಸಾ. ಕೆಲಸದ ಝಡ್ ವೀಸಾಕ್ಕೆ ಸಾಮಾನ್ಯವಾಗಿ ಪದವಿಯ ಜೊತೆ ಎರಡು ವರ್ಷದ ಅನುಭವ ಕೇಳುತ್ತಾರೆ, ಓದುತ್ತಿರುವವರಿಗೆ ಅದು ಸಿಗದು. ಸರಿಯಾದ ದಾರಿ ಎರಡು. ಮೊದಲನೆಯದು, ಚೀನಾದ ವಿಶ್ವವಿದ್ಯಾಲಯವೊಂದಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಹೋಗಿ ಅಲ್ಲಿಂದ ಇಂಟರ್ನ್‌ಶಿಪ್ ಮಾಡುವುದು. 180 ದಿನ ಮೀರುವ ಓದಿಗೆ ಎಕ್ಸ್1 ವೀಸಾ. ಒಳಹೋದ 30 ದಿನದೊಳಗೆ ಅದನ್ನು ರೆಸಿಡೆನ್ಸ್ ಪರ್ಮಿಟ್ (ವಾಸದ ಪರವಾನಗಿ) ಆಗಿ ಬದಲಿಸಿಕೊಳ್ಳಬೇಕು. ಆಮೇಲೆ ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು, ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ಕಾಲ ಎಂಬುದನ್ನು ಪೊಲೀಸರ ಎಕ್ಸಿಟ್-ಎಂಟ್ರಿ ಕಚೇರಿಯಲ್ಲಿ ಆ ಪರ್ಮಿಟ್ ಮೇಲೇ ಬರೆಸಬೇಕು. ಆ ಷರಾ ಇಲ್ಲದೆ ಆಫೀಸಿನಲ್ಲಿ ಕೂತರೆ ಅದು ಅಕ್ರಮ ಕೆಲಸವೇ. ಎರಡನೆಯದು, 2019ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಸೌಲಭ್ಯ. ಹೆಸರಾಂತ ಸಂಸ್ಥೆಯೊಂದು ವಿದೇಶಿ ಕಾಲೇಜಿನ ವಿದ್ಯಾರ್ಥಿಯನ್ನು ಆಹ್ವಾನಿಸಿದರೆ, ಆಹ್ವಾನಪತ್ರ ಮತ್ತು ಕಾಲೇಜಿನ ಪ್ರಮಾಣಪತ್ರದ ಮೇಲೆ ಒಂದು ವರ್ಷದೊಳಗಿನ ವೀಸಾ ಸಿಗಬಹುದು. ಐದಾರು ಜನರ ಸ್ಟುಡಿಯೊಗೆ ಇದು ಸುಲಭವಲ್ಲ. ತಮ್ಮ ಊರಿನ ಪೊಲೀಸರು ಒಪ್ಪುತ್ತಾರೆಯೇ ಎಂದು ಆಫೀಸಿನವರೇ ಮೊದಲು ವಿಚಾರಿಸಲಿ.

"ಬಿಸಿನೆಸ್ ವೀಸಾದಲ್ಲಿ ಬನ್ನಿ, ಯಾರೂ ಕೇಳುವುದಿಲ್ಲ" ಎನ್ನುವ ಆಫೀಸನ್ನು ಅಲ್ಲಿಗೇ ಬಿಡಿ. 2013ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಅಕ್ರಮ ಕೆಲಸಕ್ಕೆ 5,000ದಿಂದ 20,000 ಯುವಾನ್ ದಂಡ. ತಪ್ಪು ಗಂಭೀರವಾದರೆ 5ರಿಂದ 15 ದಿನ ಬಂಧನವೂ ಉಂಟು, ಗಡೀಪಾರೂ ಆಗಬಹುದು. ಸಿಕ್ಕಿಬೀಳುವುದು ಇಂಟರ್ನ್, ಆಫೀಸಿನ ಮಾತು ಆಗ ಕೆಲಸಕ್ಕೆ ಬಾರದು. ಕರ್ನಾಟಕದವರು ವೀಸಾ ವಿಷಯಕ್ಕೆ ಮುಂಬೈನ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿರುವವರು, ಇನಿಶಿಯಲ್ ಬಿಡಿಸಿ ಬರೆದವರು ನಮ್ಮಲ್ಲಿ ಬಹಳ. ಆಹ್ವಾನಪತ್ರ, ವೀಸಾ, ಬ್ಯಾಂಕ್, ಸಿಮ್ ಎಲ್ಲದರಲ್ಲೂ ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನಲ್ಲಿ ಇರುವ ಅನುಕ್ರಮದಲ್ಲೇ ಹೆಸರು ಬರಲಿ. ಒಂದು ಕಡೆ ಹಿಂದುಮುಂದಾದರೂ ಪಾವತಿ ಆ್ಯಪ್ ಗುರುತು ಒಪ್ಪುವುದಿಲ್ಲ.

ಇಳಿದ 24 ಗಂಟೆಯೊಳಗೆ ವಿಳಾಸ ನೋಂದಣಿ ಆಗಬೇಕು. ಹೋಟೆಲಿನಲ್ಲಿ ಇದ್ದರೆ ಅವರೇ ಮಾಡುತ್ತಾರೆ. ಬಾಡಿಗೆ ಮನೆಯಾದರೆ ಪಾಸ್‌ಪೋರ್ಟ್, ಕರಾರು ಹಿಡಿದು, ಮನೆ ಮಾಲೀಕರನ್ನೋ ಅವರ ಗುರುತಿನ ಚೀಟಿಯ ಪ್ರತಿಯನ್ನೋ ಜೊತೆಗಿಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಹೋಗಬೇಕು. ಮನೆ ಬದಲಿಸಿದರೆ ಮತ್ತೆ ಮಾಡಿಸಬೇಕು. ಅಲ್ಲಿ ಕೊಡುವ ಚೀಟಿ ಪರ್ಮಿಟ್ ಅರ್ಜಿಗೂ ಬೇಕಾಗುತ್ತದೆ. ಬಾಡಿಗೆ ಪದ್ಧತಿಯಲ್ಲಿ ಒಂದು ತಿಂಗಳ ಅಡ್ವಾನ್ಸು, ಮೂರು ತಿಂಗಳ ಬಾಡಿಗೆ ಒಟ್ಟಿಗೇ ಕೇಳುವುದು ಸಾಮಾನ್ಯ. ಎಂದರೆ ಬಾಗಿಲ ಕೀಲಿ ಕೈಗೆ ಬರುವ ಮೊದಲೇ ನಾಲ್ಕು ತಿಂಗಳ ದುಡ್ಡು ಸಿದ್ಧವಿರಬೇಕು.

ಸಂದೇಶಕ್ಕೂ ಪಾವತಿಗೂ ಬಳಸುವ ವೀಚಾಟ್ ಆ್ಯಪ್ ಇಲ್ಲದೆ ಅಲ್ಲಿ ಕೆಲಸವೂ ಇಲ್ಲ, ಊಟವೂ ಇಲ್ಲ. ನಮ್ಮಲ್ಲಿ ಅದು 2020ರ ಜೂನ್‌ನಿಂದ ನಿಷೇಧದಲ್ಲಿದೆ, ಹಾಗಾಗಿ ಹೊರಡುವವರೆಗೆ ಇಮೇಲ್‌ನಲ್ಲೇ ಮಾತುಕತೆ ಮುಗಿಸಿ. ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಚೀನೀ ಸಿಮ್ ಪಡೆದು, ಆ ನಂಬರಿನಲ್ಲಿ ಖಾತೆ ತೆರೆಯಿರಿ. ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಸ್ಕ್ಯಾನ್ ಮಾಡಿ ಸಾಕ್ಷಿ ಹೇಳಬೇಕಾಗಬಹುದು, ಆಫೀಸಿನವರನ್ನು ಕೇಳಿ. ಅಲಿಪೇ, ವೀಚಾಟ್ ಪೇ ಎಂಬ ಎರಡೂ ಪಾವತಿ ಆ್ಯಪ್‌ಗಳಿಗೆ ನಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್ ದಾಟಿದ ಪಾವತಿಗೆ ಶೇ. 3 ಶುಲ್ಕ ಬೀಳುತ್ತದೆ. ಒಟಿಪಿ ಭಾರತದ ನಂಬರಿಗೇ ಬರುವುದರಿಂದ ಆ ಸಿಮ್‌ನಲ್ಲಿ ರೋಮಿಂಗ್ ತೆರೆಸಿಟ್ಟುಕೊಳ್ಳಿ. ರೋಮಿಂಗ್ ಡೇಟಾದಲ್ಲಿ ವಾಟ್ಸ್ಆ್ಯಪ್ ಕೂಡ ನಡೆಯುತ್ತದೆ, ಮನೆಯವರ ಜೊತೆ ಮಾತಿಗೆ ಅದೇ ನೆಟ್ಟಗಿನ ದಾರಿ. ಆದರೆ ವಿದೇಶಿ ಕಾರ್ಡ್ ಜೋಡಿಸಿದ ಖಾತೆಯಿಂದ ಅಂಗಡಿಗೆ ಕೊಡಬಹುದೇ ಹೊರತು ಗೆಳೆಯರಿಗೆ ದುಡ್ಡು ವರ್ಗಾಯಿಸಲಾಗದು. ಸ್ಟೈಪೆಂಡ್ ಪಡೆಯಲು ಅಲ್ಲಿನ ಬ್ಯಾಂಕ್ ಖಾತೆಯೇ ಬೇಕು.

ಇನ್ನು ಡೆಸ್ಕಿನ ಕೆಲಸ. ರೈನೊ, ಆಟೊಕ್ಯಾಡ್, ಫೋಟೊಶಾಪ್, ಇನ್‌ಡಿಸೈನ್ ಸಾಫ್ಟ್‌ವೇರ್‌ಗಳು ಗೊತ್ತಿದ್ದರೆ ಮೊದಲ ವಾರವೇ ಕೈಗೆ ಕೆಲಸ ಬರುತ್ತದೆ. ಇನ್‌ಸ್ಟಿಟ್ಯೂಟಿನಿಂದ ಬಂದ ಕ್ಯಾಡ್ ಫೈಲ್ ತೆರೆದಾಗ ಗೋಡೆ, ಬಾಗಿಲು ಮಾಯವಾಗಿ ಬರೀ ಗ್ರಿಡ್ ಗೆರೆ ಕಂಡರೆ ಗಾಬರಿಬೇಡ. ಅವರು ಬಳಸುವುದು ಟಿಯಾನ್‌ಝೆಂಗ್ ಎಂಬ ಚೀನೀ ಪ್ಲಗ್‌ಇನ್, ಅದರ ವಸ್ತುಗಳು ಮಾಮೂಲಿ ಆಟೊಕ್ಯಾಡ್‌ಗೆ ಅರ್ಥವಾಗುವುದಿಲ್ಲ. "ಟಿ3 ಆಗಿ ಎಕ್ಸ್‌ಪೋರ್ಟ್ ಮಾಡಿ ಕಳಿಸಿ" ಎಂದು (ಟಿ3 ಅದರ ಹಳೆಯ ಫೈಲ್ ನಮೂನೆ) ಕೇಳಿದರೆ ಗೋಡೆಗಳು ಮಾಮೂಲಿ ಗೆರೆಗಳಾಗಿ ಬರುತ್ತವೆ. ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆಟೊಕ್ಯಾಡ್ ಬಳಸುವ ಚೀನೀ ಎಸ್‌ಎಚ್‌ಎಕ್ಸ್ ಫಾಂಟ್ ಇಲ್ಲವೆಂದು ಅರ್ಥ, ಸಹೋದ್ಯೋಗಿಯ ಫಾಂಟ್ ಫೋಲ್ಡರ್ ನಕಲು ಮಾಡಿಕೊಳ್ಳಿ. ಸೈಟ್ ಪ್ಲಾನಿಗೆ ಗೂಗಲ್ ನಕ್ಷೆ ನಂಬಬೇಡಿ. ಚೀನಾದ ನಕ್ಷೆಗಳು ಬೇರೆಯೇ ನಿರ್ದೇಶಾಂಕ ಬಳಸುವುದರಿಂದ ರಸ್ತೆಗೂ ಉಪಗ್ರಹ ಚಿತ್ರಕ್ಕೂ ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ.

ವಸತಿ ಯೋಜನೆಯಲ್ಲಿ ಎಲ್ಲವನ್ನೂ ಆಳುವುದು ಬಿಸಿಲು. 2018ರ ರಾಷ್ಟ್ರೀಯ ಮಾನದಂಡದ ಪ್ರಕಾರ ಬೀಜಿಂಗ್, ಶಾಂಘೈನಂಥ ದೊಡ್ಡ ನಗರಗಳಲ್ಲಿ ಜನವರಿ 20ರ ಸುಮಾರಿಗೆ ಬರುವ, ಚೀನೀ ಪಂಚಾಂಗದ ಮಹಾಚಳಿಯ ದಿನ ಮನೆಗೆ ಕನಿಷ್ಠ 2 ಗಂಟೆ ಬಿಸಿಲು ಬೀಳಬೇಕು. ಮನೆಗಳೆಲ್ಲ ದಕ್ಷಿಣಕ್ಕೆ ಮುಖಮಾಡಿ ಸಾಲುಸಾಲಾಗಿ ನಿಂತಿರುವುದು ಇದಕ್ಕೇ. ನಮ್ಮ ಕಣ್ಣಳತೆ ಇಲ್ಲಿ ಮೋಸಹೋಗುತ್ತದೆ. ಡಿಸೆಂಬರ್ ಕೊನೆಯ ಮಧ್ಯಾಹ್ನ 50 ಮೀಟರ್ ಎತ್ತರದ ಕಟ್ಟಡದ ನೆರಳು ಬೆಂಗಳೂರಿನಲ್ಲಿ ಸುಮಾರು 37 ಮೀಟರ್, ಶಾಂಘೈನಲ್ಲಿ 70, ಬೀಜಿಂಗ್‌ನಲ್ಲಿ ಹತ್ತಿರ ಹತ್ತಿರ 100. ಬೆಂಗಳೂರಿನ ಅಂದಾಜಿನಲ್ಲಿ ಟವರ್ ಜೋಡಿಸಿದರೆ ಮಾಸ್ಟರ್‌ಪ್ಲಾನ್ ಪೂರ್ತಿ ಹೊಸದಾಗಿ ಮಾಡಬೇಕಾಗುತ್ತದೆ. ಜೊತೆಗೆ ಎರಡು ಹೈರೈಸ್ ಕಟ್ಟಡಗಳ ನಡುವೆ ಬೆಂಕಿ ಸುರಕ್ಷತೆಗೆ 13 ಮೀಟರ್, ಹೈರೈಸ್ ಮತ್ತು ತಗ್ಗು ಕಟ್ಟಡದ ನಡುವೆ 9 ಮೀಟರ್ ಎಂಬ ಅಂಕಿ ಬಾಯಿಪಾಠವಿರಲಿ. 27 ಮೀಟರ್ ದಾಟಿದ ವಸತಿ ಕಟ್ಟಡ ಹೈರೈಸ್ ಲೆಕ್ಕಕ್ಕೆ ಬರುತ್ತದೆ.

ಫೋಮ್ ಮಾಡೆಲ್ ಇಂಟರ್ನ್‌ನ ದಿನಗೆಲಸ. 1:500ರಲ್ಲಿ 4 ಮೀಟರ್ ಮಹಡಿ ಎಂದರೆ 8 ಮಿಲಿಮೀಟರ್. ಬಿಸಿತಂತಿ ಕಟರ್‌ನಲ್ಲಿ ಫೋಮನ್ನು ಒತ್ತಿ ತಳ್ಳಿದರೆ ತಂತಿ ಬಾಗಿ ಅಂಚು ಉಬ್ಬುತ್ತದೆ, ತಡೆದು ತಡೆದು ತಳ್ಳಿದರೆ ಕರಗಿ ಗುಳಿ ಬೀಳುತ್ತದೆ. ಒಂದೇ ಹದದಲ್ಲಿ, ತಂತಿ ತಾನೇ ದಾರಿ ಮಾಡಿಕೊಳ್ಳುವಷ್ಟು ಮೆಲ್ಲಗೆ ನಡೆಸಿ. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಸಾಲ್ವೆಂಟ್ ಇರುವ ಗೋಂದು ಫೋಮನ್ನೇ ತಿನ್ನುತ್ತದೆ, ಎರಡೂ ಬದಿ ಅಂಟುವ ಟೇಪ್ ಬಳಸಿ.

ಸ್ಪರ್ಧೆಯ ಕೊನೆಯ ವಾರ ರಾತ್ರಿ ತಡವಾಗುವುದು ಮಾಮೂಲು. ದೀರ್ಘ ರಜೆಗೆ ಪ್ರತಿಯಾಗಿ ಶನಿವಾರ, ಭಾನುವಾರ ಕೆಲಸ ಇರುವ ವಾರಗಳೂ ಇವೆ, ಕ್ಯಾಲೆಂಡರ್ ನೋಡಿಕೊಂಡೇ ಪ್ರವಾಸ ಹೊಂದಿಸಿ. ಸಸ್ಯಾಹಾರಿಗಳು ತರಕಾರಿ ಪಲ್ಯಕ್ಕೂ ಹಂದಿಕೊಬ್ಬು, ಆಯ್ಸ್ಟರ್ (ಸಿಂಪಿ) ಸಾಸ್ ಬೀಳಬಹುದೆಂದು ತಿಳಿದಿರಲಿ. ಬೇಡವಾದ್ದನ್ನೆಲ್ಲ ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಫೋನಿನಲ್ಲಿರಲಿ.

ತರಬೇತಿ ಪ್ರಮಾಣಪತ್ರಕ್ಕೆ ಕಂಪನಿಯ ದುಂಡನೆಯ ಕೆಂಪು ಮೊಹರು ಕಡ್ಡಾಯ, ಅಲ್ಲಿ ಬರೀ ಸಹಿಗೆ ಬೆಲೆ ಕಡಿಮೆ. ಮೊಹರು ಆಡಳಿತ ವಿಭಾಗದ ಬೀಗದಲ್ಲಿರುವುದರಿಂದ ಕೊನೆಯ ದಿನ ಕೇಳಿದರೆ ಸಿಗದು, ಎರಡು ವಾರ ಮೊದಲೇ ಕರಡು ಕೊಡಿ. ದಿನಾಂಕ, ವಾರಗಳ ಸಂಖ್ಯೆ, ಮಾರ್ಗದರ್ಶಕ ಆರ್ಕಿಟೆಕ್ಟ್‌ನ ಹೆಸರು ಮತ್ತು ಪರವಾನಗಿ ಸಂಖ್ಯೆ ಇಂಗ್ಲಿಷಿನಲ್ಲೂ ಇರಲಿ, ಎರಡು ಪ್ರತಿ ಪಡೆಯಿರಿ. ಕಾಲೇಜು ಯಾವ ನಮೂನೆಯಲ್ಲಿ ಕೇಳುತ್ತದೆ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ತರಿಸಿಕೊಂಡಿರಿ. ಯಾವ ಚಿತ್ರಗಳನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದು ಎಂಬ ಒಪ್ಪಿಗೆಯೂ ಮೇಲ್‌ನಲ್ಲೇ ಬರಲಿ. ಮನೆಯ ಅಡ್ವಾನ್ಸು ವಾಪಸು ಬಂದ ಮೇಲೆಯೇ ಬ್ಯಾಂಕ್ ಖಾತೆ ಮುಚ್ಚಿಸಿ, ಸಿಮ್ ರದ್ದು ಮಾಡುವುದು ಅದಕ್ಕೂ ಆಮೇಲೆ.